ಕಣ್ಣು ನನಗಿತ್ತು, ಆದರೂ ಯಾಕೆ ಹಿಡಿಯಲಾಗಲಿಲ್ಲ?

ಪ್ರಶ್ನೆ: ಎರಡು ವರ್ಷದಿಂದ ಗೋ ಎಂಬ ಬೋರ್ಡ್ ಆಟ ಆಡುತ್ತಿದ್ದೇನೆ, ಹೆಚ್ಚಾಗಿ ಮೊಬೈಲಿನಲ್ಲಿ. ಮೊನ್ನೆಯ ಆಟದಲ್ಲಿ ಕಪ್ಪು ನನ್ನದು. ಬೋರ್ಡಿನ ಅಂಚಿನಲ್ಲಿ ಎದುರಾಳಿಯ ಆರು ಬಿಳಿ ಕಲ್ಲುಗಳು ನನ್ನ ಎರಡು ಗುಂಪುಗಳ ನಡುವೆ ಸಿಕ್ಕಿಕೊಂಡಿದ್ದವು. ನನ್ನ ಎರಡಕ್ಕೂ ಒಂದೊಂದು ಕಣ್ಣಿತ್ತು (ಗುಂಪು ತಾನೇ ಸುತ್ತುವರಿದ ಖಾಲಿ ಜಾಗ), ಅವರದಕ್ಕೆ ಒಂದೂ ಇರಲಿಲ್ಲ. ಹಿಡಿಯಬಹುದು ಅನ್ನಿಸಿತು, ಆದರೆ ಧೈರ್ಯ ಬರಲಿಲ್ಲ. ಪಾಸ್ ಮಾಡಿದೆ. ಅರ್ಧ ಅಂಕದಿಂದ ಸೋತೆ. ಆ್ಯಪ್ ನನ್ನ ಆ ಎರಡು ಕಣ್ಣುಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದೇ ಆಟವನ್ನು ಚೀನೀ ನಿಯಮ ಇರುವ ಇನ್ನೊಂದು ಆ್ಯಪ್‌ಗೆ ಹಾಕಿದರೆ ನಾನು ಒಂದೂವರೆ ಅಂಕದಿಂದ ಗೆದ್ದಿದ್ದೇನೆ! 'ಕಣ್ಣಿರುವ ಗುಂಪು ಕಣ್ಣಿಲ್ಲದ್ದನ್ನು ತಿಂದೇ ತಿನ್ನುತ್ತದೆ, ನೀನು ಸುಮ್ನೆ ಬಿಟ್ಟುಕೊಟ್ಟೆ' ಅಂತ ಗೆಳೆಯ ಹೇಳುತ್ತಾನೆ. ಆಮೇಲೆ ಬೋರ್ಡಿನ ಮೇಲೆ ಇಟ್ಟು ನೋಡಿದೆ. ನನ್ನದೇ ಆರು ಕಲ್ಲು ಹೋಯಿತು. ಇದಕ್ಕೂ ಮುಂಚೆ ಇನ್ನೊಂದು ಆಟದಲ್ಲಿ ನನ್ನ ಗುಂಪಿನೊಳಗೆ ಮೂರು ಬಿಳಿ ಕಲ್ಲುಗಳಿದ್ದವು. ಸೆಕಿ, ಅಂದರೆ ಯಾರೂ ಮುಟ್ಟಲಾಗದೆ ಎರಡೂ ಗುಂಪು ಬದುಕಿರುವ ಸ್ಥಿತಿ, ಅಂದುಕೊಂಡು ಪಾಸ್ ಮಾಡಿದೆ, ಇಡೀ ಗುಂಪು ಸತ್ತಿತು. ಹಾಗಾದರೆ ಸೆಕಿಯನ್ನು ಗುರುತಿಸುವುದು ಹೇಗೆ? ಯಾವಾಗ ಆಡಬೇಕು, ಯಾವಾಗ ಬಿಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ವಿಷಯಗಳು ಕಲೆತುಹೋಗಿವೆ. ಮೊನ್ನೆಯದು ನಿಜವಾದ ಸೆಕಿ, ಅದೂ ಅಪರೂಪದ ಜಾತಿಯದು. ಮುಂಚಿನದು ಸೆಕಿಯ ವೇಷ ಹಾಕಿಕೊಂಡಿದ್ದ ಸತ್ತ ಗುಂಪು. ಆ್ಯಪ್‌ಗಳ ಜಗಳ ಆಟದ್ದಲ್ಲ, ಎಣಿಕೆಯದ್ದು. ನೀವು ಎರಡೂ ಸಲ ಪಾಸ್ ಮಾಡಿದ್ದು ತಪ್ಪಲ್ಲ. ಎರಡೂ ಆ್ಯಪ್‌ಗಳು ಸರಿಯಾಗೇ ಎಣಿಸಿವೆ. ನಿಮ್ಮ ಗೆಳೆಯರ ಮಾತೂ ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಈ ಆಟದಲ್ಲಿ ಜಾಸ್ತಿ ಕಲ್ಲು ಕಳೆಸುವುದು ಅಂಥ ಅರ್ಧ ನಿಜಗಳೇ.

ಗೋ ಕಲಿಸುತ್ತಾ, ಆಗಾಗ ಪಂದ್ಯಗಳಲ್ಲಿ ತೀರ್ಪು ಹೇಳುತ್ತಾ ಬಂದವನು ನಾನು. ಆಟ ಮುಗಿದ ಮೇಲೆ 'ಸ್ವಲ್ಪ ಬಂದು ನೋಡಿ' ಅಂತ ಕರೆದಾಗ ಹೆಚ್ಚಿನ ಸಲ ಬೋರ್ಡಿನ ಮೇಲೆ ಕಾಣುವುದು ಇಂಥದ್ದೇ. ಒಂದು ಮೂಲೆ, ನಾಲ್ಕೈದು ಖಾಲಿ ಜಾಗ, ಇಬ್ಬರ ಮುಖದಲ್ಲೂ ಅನುಮಾನ.

ಮಾತು ಒಂದೇ ಆಗಿರಲಿ ಅಂತ ಎರಡು ಪದ ಹೇಳಿಬಿಡುತ್ತೇನೆ. ಕಲ್ಲಿನ ಪಕ್ಕದ ಖಾಲಿ ಜಾಗಕ್ಕೆ, ಅಂದರೆ ಲಿಬರ್ಟಿಗೆ, ನಾನು ಉಸಿರು ಅನ್ನುತ್ತೇನೆ. ಗುಂಪಿನ ಉಸಿರೆಲ್ಲ ಮುಚ್ಚಿದರೆ ಎದುರಾಳಿ ಅದನ್ನು ಬೋರ್ಡಿನಿಂದ ಎತ್ತುತ್ತಾನೆ. ಚೀನೀ ಭಾಷೆಯಲ್ಲೂ ಅದರ ಹೆಸರು ಉಸಿರು, ಗಾಳಿ ಎಂಬ ಅರ್ಥದ್ದೇ. ಎರಡು ಗುಂಪುಗಳೂ ಹಂಚಿಕೊಂಡಿರುವ ಖಾಲಿ ಜಾಗಕ್ಕೆ ಹಂಚಿಕೆಯ ಉಸಿರು ಅನ್ನೋಣ. ಸೆಕಿ ಜಪಾನೀ ಪದ. ಚೀನೀಯರು ಇದನ್ನು ಷುವಾಂಗ್‌ಹುವೊ ಎನ್ನುತ್ತಾರೆ, ಎರಡೂ ಬದುಕಿವೆ ಅಂತ. ನನಗೆ ಆ ಹೆಸರೇ ಇಷ್ಟ, ಯಾಕೆಂದರೆ ವಿಷಯ ಅದರಲ್ಲೇ ಇದೆ. ಎರಡು ಕಣ್ಣಿರುವ ಗುಂಪು ತನ್ನ ಬಲದಿಂದ ಬದುಕುತ್ತದೆ. ಸೆಕಿಯಲ್ಲಿರುವ ಗುಂಪು ಎದುರಾಳಿಯ ಕೈ ಕಟ್ಟಿರುವುದರಿಂದ ಬದುಕುತ್ತದೆ. ಯಾರು ಮೊದಲು ಕೈ ಹಾಕುತ್ತಾರೋ ಅವರದೇ ಸಾವು. ಹಾಗಾಗಿ ಇಬ್ಬರೂ ಕೈ ಹಾಕುವುದಿಲ್ಲ.

ಈಗ ನಿಮ್ಮ ಸ್ಥಿತಿ. ನೀವು ವಿವರಿಸಿದ್ದನ್ನು ಹೀಗೆ ಇಟ್ಟಿದ್ದೇನೆ. ಕೆಳಗಿನ ಸಾಲು ಬೋರ್ಡಿನ ಅಂಚು. ಕ ಅಂದರೆ ಕಪ್ಪು, ಬ ಅಂದರೆ ಬಿಳಿ. ಕೆಳಗಿನ ಸಾಲಿನಲ್ಲಿ ಕೂಡಿಸುವ ಗುರುತು ಇರುವ ಎರಡು ಜಾಗ ನಿಮ್ಮ ಕಣ್ಣುಗಳು. ಅ ಮತ್ತು ಇ ಹಂಚಿಕೆಯ ಉಸಿರುಗಳು. ಹೊರಗಿರುವ ಗೋಡೆಗಳೆಲ್ಲ ಬೇರೆ ಕಡೆ ಕೂಡಿಕೊಂಡು ಬದುಕಿವೆ ಅಂತ ಇಟ್ಟುಕೊಳ್ಳಿ.

+ ಬ ಬ ಬ ಕ ಕ ಕ ಕ ಬ ಬ ಬ +
ಬ ಕ ಕ ಕ ಬ ಬ ಬ ಬ ಕ ಕ ಕ ಬ
ಬ ಕ + ಕ ಅ ಬ ಬ ಇ ಕ + ಕ ಬ

ಎಡಗಡೆ ನಿಮ್ಮ ಐದು ಕಲ್ಲು, ಬಲಗಡೆ ಐದು, ನಡುವೆ ಅವರ ಆರು. ಎಡ ಗುಂಪಿಗೆ ಉಳಿದಿರುವ ಉಸಿರು ಎರಡು: ತನ್ನ ಕಣ್ಣು ಮತ್ತು ಅ. ಬಲ ಗುಂಪಿಗೂ ಎರಡು: ತನ್ನ ಕಣ್ಣು ಮತ್ತು ಇ. ಬಿಳಿಗೂ ಎರಡೇ: ಅ ಮತ್ತು ಇ.

ನೀವು ಅ ಜಾಗಕ್ಕೆ ಇಟ್ಟರೆ ಬಿಳಿ ಅತಾರಿಗೆ, ಅಂದರೆ ಕೊನೆಯ ಒಂದೇ ಉಸಿರಿಗೆ, ಬರುತ್ತದೆ, ಉಳಿಯುವುದು ಇ ಒಂದೇ. ಚೆನ್ನಾಗಿದೆ. ಆದರೆ ನಿಮ್ಮ ಎಡ ಗುಂಪಿಗೂ ಆಗ ಕಣ್ಣೊಂದೇ ಗತಿ. ಸರದಿ ಅವರದು. ಅವರು ನೇರವಾಗಿ ನಿಮ್ಮ ಕಣ್ಣಿನೊಳಗೆ ಕಲ್ಲಿಟ್ಟು ಆರು ಕಲ್ಲು ಎತ್ತುತ್ತಾರೆ. ನೀವು ಮನೆಯಲ್ಲಿ ನೋಡಿದ್ದು ಇಷ್ಟು. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಎಡ ಗುಂಪು ಹೋದ ಕೂಡಲೇ ಬಿಳಿಗೆ ಹೊರಗಿನ ದಾರಿ ಸಿಗುತ್ತದೆ. ಆಗ ಬಲ ಗುಂಪಿನ ಕೈಯಲ್ಲಿ ಒಂದು ಕಣ್ಣು ಬಿಟ್ಟರೆ ಏನೂ ಇಲ್ಲ. ಅದೂ ಸತ್ತಂತೆ. ಹೋದದ್ದು ಆರಲ್ಲ, ಹನ್ನೊಂದು.

ಬಿಳಿ ಮೊದಲು ಅ ಇಟ್ಟರೆ? ನಿಮ್ಮ ಎಡ ಗುಂಪು ಅತಾರಿ. ಆದರೆ ಬಿಳಿಗೂ ಇ ಒಂದೇ ಉಳಿಯಿತು. ನೀವು ಇ ಇಟ್ಟು ಏಳು ಕಲ್ಲು ಎತ್ತುತ್ತೀರಿ, ನಿಮ್ಮ ಎಡ, ಬಲ ಎರಡೂ ಬದುಕುತ್ತವೆ. ಅವರಿಗೂ ಅತ್ತ ದರಿ, ಇತ್ತ ಪುಲಿ.

ಇನ್ನು ಗೆಳೆಯರ ಮಾತು. ಎರಡೇ ಎರಡು ಗುಂಪುಗಳು ಉಸಿರಿಗಾಗಿ ಪೈಪೋಟಿ ನಡೆಸುವಾಗ, ಒಂದಕ್ಕೆ ಕಣ್ಣಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಕಣ್ಣಿರುವುದರ ಕೈ ಮೇಲು. ಇದು ನಿಜ, ಹಳೆಯ ಸೂತ್ರ. ಕಾರಣ ಸರಳ. ಕಣ್ಣಿಲ್ಲದವರು ಹಂಚಿಕೆಯ ಉಸಿರನ್ನು ತಾವೇ ಮುಚ್ಚಬೇಕು, ಮುಚ್ಚಿದಾಗ ತಮ್ಮ ಉಸಿರೇ ಹೋಗುತ್ತದೆ. ಕಣ್ಣಿರುವವರಿಗೆ ಕೊನೆಗೂ ಕಣ್ಣು ಉಳಿದಿರುತ್ತದೆ. ಒಂದು ಕಣ್ಣು, ಒಂದು ಹಂಚಿಕೆಯ ಉಸಿರು, ಎದುರಿಗೆ ಕಣ್ಣಿಲ್ಲದ ಗುಂಪು: ಕಪ್ಪು ಆ ಹಂಚಿಕೆಯ ಉಸಿರಿಗೆ ಇಟ್ಟರೆ ಬಿಳಿಗೆ ಉಸಿರೇ ಉಳಿಯದು, ಆ ಕ್ಷಣವೇ ಎತ್ತಬಹುದು. ಆದರೆ ನಿಮ್ಮ ಆಟದಲ್ಲಿ ಬಿಳಿಗೆ ಇನ್ನೊಂದು ಉಸಿರಿತ್ತು. ಅದನ್ನು ಕೊಟ್ಟವರು ಯಾರು? ನಿಮ್ಮದೇ ಬಲ ಗುಂಪು. ಎಡ ಗುಂಪಿನ ಮಟ್ಟಿಗೆ ಇ ಹೊರಗಿನ ಉಸಿರು, ಬಲ ಗುಂಪಿನ ಮಟ್ಟಿಗೆ ಅ ಹೊರಗಿನ ಉಸಿರು. ಸೂತ್ರ ಎರಡು ಗುಂಪಿಗೆ ಬರೆದದ್ದು. ಇಲ್ಲಿ ಇರುವುದು ಮೂರು.

ಮೂರು ಗುಂಪಿನ ಸೆಕಿ ಅನ್ನುವುದು ಇದಕ್ಕೇ. ನಾಲ್ಕು, ಐದು ಗುಂಪುಗಳು ಸರಪಳಿಯ ಹಾಗೆ ಹೆಣೆದುಕೊಂಡದ್ದೂ ಉಂಟು. ಕಡೆಯ ಗುಂಪು ಸುತ್ತಿ ಬಂದು ಮೊದಲನೆಯದನ್ನೇ ಹಿಡಿದುಕೊಂಡು ಬಳೆಯಂತೆ ಆಗುವುದೂ ಸಾಧ್ಯ. ಕಾಣಲು ಭಯಂಕರ. ಆದರೆ ಓದುವ ಕ್ರಮ ಒಂದೇ: ಒಬ್ಬರ ಕೈಯಿಂದ ಒಂದು ಕಲ್ಲು ಇಟ್ಟು ನೋಡಿ, ಮೊದಲು ಯಾರ ಉಸಿರು ನಿಲ್ಲುತ್ತದೆ ಅಂತ ಎಣಿಸಿ. ಆಮೇಲೆ ಇನ್ನೊಬ್ಬರ ಕೈಯಿಂದ ಇಟ್ಟು ನೋಡಿ. ಎರಡು ಸಲವೂ ಇಟ್ಟವರಿಗೇ ನಷ್ಟವಾದರೆ ಸೆಕಿ. 'ಎರಡು ಹಂಚಿಕೆಯ ಉಸಿರು ಇದ್ದರೆ ಸೆಕಿ' ಎಂದು ಆಕಾರ ಬಾಯಿಪಾಠ ಮಾಡಿಕೊಂಡು ಬರುವ ವಿದ್ಯಾರ್ಥಿಗಳನ್ನು ನಾನು ನಿಲ್ಲಿಸುವುದು ಇಲ್ಲೇ. ಎರಡು ಕಡೆಗೂ ಒಂದೊಂದು ಒಂಟಿ ಜಾಗದ ಕಣ್ಣಿದ್ದರೆ ಹಂಚಿಕೆಯ ಉಸಿರು ಒಂದಿದ್ದರೂ ಸೆಕಿ ಆಗುತ್ತದೆ. ಅದೇ ಒಬ್ಬರ ಕಣ್ಣು ಎರಡು ಜಾಗದಷ್ಟು ದೊಡ್ಡದಿದ್ದರೆ ಸೆಕಿ ಅಲ್ಲ, ದೊಡ್ಡ ಕಣ್ಣಿನವರು ಹಂಚಿಕೆಯ ಜಾಗಕ್ಕೆ ಇಟ್ಟು ಗೆದ್ದುಬಿಡುತ್ತಾರೆ. ಒಂದು ಜಾಗದ ವ್ಯತ್ಯಾಸ, ಅಷ್ಟೇ.

ಮುಂಚಿನ ಆಟಕ್ಕೆ ಬರೋಣ. ನಿಮ್ಮ ಗುಂಪಿನೊಳಗೆ ಮೂರು ಬಿಳಿ ಕಲ್ಲು, ಎರಡು ಖಾಲಿ ಜಾಗ. ನಿಮ್ಮ ಮಾತಿನಿಂದ ನನಗೆ ಅರ್ಥವಾಗಿದ್ದು ಈ ಆಕಾರ. ಹೊರಗೆ ಎಲ್ಲ ಕಡೆಯಿಂದಲೂ ಬಿಳಿ ಮುಚ್ಚಿದೆ.

ಬ ಕ ಕ ಕ ಬ ಬ
ಕ ಕ ಉ ಕ ಕ ಕ
ಕ ಬ ಬ ಬ + ಕ

ಇದನ್ನು ನೋಡಿದ ತಕ್ಷಣ ಸೆಕಿ ಅನ್ನಿಸುವುದು ಸಹಜ. ನೀವು ಯಾವ ಖಾಲಿ ಜಾಗಕ್ಕೆ ಇಟ್ಟರೂ ನಿಮಗೇ ಅತಾರಿ, ಮರುನಡೆಯಲ್ಲಿ ಗುಂಪೆಲ್ಲ ಹೋಗುತ್ತದೆ. ಆದ್ದರಿಂದ ನಿಮ್ಮ ಕೈ ಕಟ್ಟಿದೆ. ಅವರ ಕೈ ಕಟ್ಟಿದೆಯಾ? ಇಲ್ಲ. ಅವರು ಉ ಜಾಗಕ್ಕೆ ಇಡುತ್ತಾರೆ. ಈಗ ಒಳಗೆ ನಾಲ್ಕು ಕಲ್ಲು, ಉಳಿದದ್ದು ಒಂದು ಜಾಗ. ನೀವು ಅಲ್ಲಿಟ್ಟು ನಾಲ್ಕನ್ನೂ ಎತ್ತುತ್ತೀರಿ. ಖುಷಿ ಒಂದೇ ಕ್ಷಣದ್ದು. ಖಾಲಿಯಾದ ಆ ನಾಲ್ಕು ಜಾಗದ ನಡುವಿಗೆ ಅವರು ಮತ್ತೆ ಒಂದು ಕಲ್ಲಿಟ್ಟರೆ ಎರಡು ಕಣ್ಣು ಮಾಡುವ ದಾರಿಯೇ ಇಲ್ಲ. ಇದಕ್ಕೆ ನಕಾಡೆ ಅನ್ನುತ್ತಾರೆ, ಒಳಗೆ ಇಟ್ಟು ಕೊಲ್ಲುವುದು.

ಆದ್ದರಿಂದ ಒಳಗೆ ಕಲ್ಲಿರುವ ಸೆಕಿಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಅವರು ಇನ್ನೊಂದು ಕಲ್ಲು ಸೇರಿಸಿ, ನಾನು ಅಷ್ಟನ್ನೂ ಎತ್ತಿದರೆ, ಖಾಲಿಯಾಗುವ ಜಾಗದ ಆಕಾರ ಯಾವುದು? ನೇರ ನಾಲ್ಕು ಆದರೆ ನೀವು ಬದುಕುತ್ತೀರಿ, ಹಾಗಾಗಿ ಅವರು ಸೇರಿಸುವುದಿಲ್ಲ, ಅದು ಸೆಕಿ. ಉದಾಹರಣೆಗೆ ಅದೇ ಮೂರು ಬಿಳಿ ಕಲ್ಲು, ಖಾಲಿ ಜಾಗಗಳು ಸಾಲಿನ ಎರಡು ತುದಿಗಿದ್ದರೆ ನಿಜವಾದ ಸೆಕಿ. ನಡುವಿನಿಂದ ಕೊಂಬು ಬಂದ ನಾಲ್ಕು, ಚೌಕದ ನಾಲ್ಕು ಆದರೆ ಸಾವು. ಚೌಕವಂತೂ ನೀವು ಮೊದಲು ಆಡಿದರೂ ಬದುಕದು.

ಪಾಸ್ ಮಾಡಿದ್ದು ತಪ್ಪಲ್ಲ ಅಂದೆನಲ್ಲ, ಅದು ಇದಕ್ಕೇ. ಆ ಹೊತ್ತಿಗೆ ಗುಂಪು ಸತ್ತಾಗಿತ್ತು. ತಪ್ಪು ನಡೆದದ್ದು ಮುಂಚೆ. ಅವರ ಮೊದಲ ಕಲ್ಲು ಸಾಲಿನ ನಡುವಿಗೆ, ಉ ಕೆಳಗೆ, ಬಂದಾಗ ನೀವು ಅದರ ಬಲಕ್ಕೆ ಇಟ್ಟಿದ್ದರೆ ಬಲತುದಿಯಲ್ಲಿ ಒಂದು ಕಣ್ಣು, ಎಡಗಡೆ ಆ ಕಲ್ಲನ್ನು ಎತ್ತಿ ಇನ್ನೊಂದು ಕಣ್ಣು ಆಗುತ್ತಿತ್ತು. ನೀವು ಬಹುಶಃ ಆಗ ಬೇರೆಲ್ಲೋ ಆಡುತ್ತಿದ್ದಿರಿ. ಎಲ್ಲರೂ ಮಾಡುವುದೇ.

ಇದೇ ಕುಟುಂಬದ ಇನ್ನೊಂದು ಮೋಸಗಾರ ಆಕಾರ ಮೂಲೆಯಲ್ಲಿ ಇರುತ್ತದೆ: ಮೂಲೆಯ ಬಗ್ಗಿದ ನಾಲ್ಕು. ನಿಮ್ಮ ಗುಂಪಿನೊಳಗೆ ಮೂಲೆಯಲ್ಲಿ ಎದುರಾಳಿಯ ಮೂರು ಕಲ್ಲು. ನೀವು ಮುಟ್ಟಿದರೆ ನಿಮಗೇ ಅತಾರಿ. ಅವರು ನಾಲ್ಕನೆಯದನ್ನು ಸೇರಿಸಿದರೆ ಬಗ್ಗಿದ ನಾಲ್ಕು ಆಗುತ್ತದೆ. ಬೇರೆಲ್ಲೇ ಆಗಿದ್ದರೂ ಬಗ್ಗಿದ ನಾಲ್ಕನ್ನು ಎತ್ತಿದವರು ಬದುಕುತ್ತಾರೆ. ಮೂಲೆಯಲ್ಲಿ ಮಾತ್ರ ಎತ್ತಿದ ಮೇಲೆ ಅವರು ಮತ್ತೆ ಒಳಗೆ ಇಟ್ಟು ಕೋ ಮಾಡುತ್ತಾರೆ, ಅದೂ ಅವರೇ ಮೊದಲು ಎತ್ತುವ ಕೋ. ಕೋ ಅಂದರೆ ಒಂದೊಂದೇ ಕಲ್ಲನ್ನು ಇಬ್ಬರೂ ಸರದಿಯಲ್ಲಿ ಎತ್ತಬಹುದಾದ ಜಾಗ. ತಕ್ಷಣ ತಿರುಗಿ ಎತ್ತುವಂತಿಲ್ಲ, ಮೊದಲು ಬೇರೆಲ್ಲಾದರೂ ಎದುರಾಳಿ ಉತ್ತರಿಸಲೇಬೇಕಾದ ನಡೆ ಆಡಬೇಕು, ಅದೇ ಕೋ ಬೆದರಿಕೆ. ಆ ಕೋ ಶುರು ಮಾಡುವ ಹಕ್ಕು ಅವರೊಬ್ಬರಿಗೇ ಇದೆ. ಆಟದ ಕೊನೆಗೆ ನಿಮ್ಮ ಕೋ ಬೆದರಿಕೆಗಳನ್ನೆಲ್ಲ ಒಂದೊಂದಾಗಿ ಮುಚ್ಚಿ, ಆಮೇಲೆ ನಿಧಾನಕ್ಕೆ ಶುರು ಮಾಡಬಹುದು. ಅದಕ್ಕೇ ಜಪಾನೀ ನಿಯಮದಲ್ಲಿ ಆಡದೆಯೇ 'ಸತ್ತಿದೆ' ಎಂದು ಎಣಿಸುತ್ತಾರೆ.

ಇಲ್ಲೊಂದು ಚಂದದ ತಿರುವಿದೆ. ಬೋರ್ಡಿನ ಇನ್ನೊಂದು ಕಡೆ ನಿಮ್ಮ ಆಟದಲ್ಲಿದ್ದಂಥ ಸೆಕಿ ಇದೆ ಅಂದುಕೊಳ್ಳಿ. ಸೆಕಿಯೊಳಗೆ ಒಂದು ಕಲ್ಲಿಟ್ಟು 'ಎತ್ತಿಬಿಡುತ್ತೇನೆ' ಎಂದು ಹೆದರಿಸಬಹುದಲ್ವಾ? ಅದು ಕೋ ಬೆದರಿಕೆ. ಎದುರಾಳಿ ಅದನ್ನು ಮೊದಲೇ ಮುಚ್ಚಿಡಲು ಹೋದರೆ ಸೆಕಿಯೇ ಒಡೆದು ಅವರಿಗೇ ನಷ್ಟ. ಅಂದರೆ ಎಲ್ಲ ಬೆದರಿಕೆಗಳನ್ನೂ ಮುಚ್ಚಬಹುದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಚೀನೀ ನಿಯಮದಲ್ಲಿ ಬೋರ್ಡಿನ ಮೇಲೆ ಆಡಿಯೇ ತೋರಿಸಬೇಕಾದ್ದರಿಂದ ಮೂಲೆಯ ಆ ಗುಂಪು ಬಚಾವಾಗಬಹುದು. ಜಪಾನಿನ 1989ರ ನಿಯಮದಲ್ಲಿ ಬಚಾವಾಗುವುದಿಲ್ಲ. ಅಲ್ಲಿ ಸಾವು ಬದುಕು ನೋಡುವಾಗ ಒಂದು ಕೋ ಮತ್ತೆ ಎತ್ತಬೇಕಾದರೆ ಆ ಕೋಗಾಗಿಯೇ ಪಾಸ್ ಹೇಳಬೇಕು, ಬೇರೆ ಕಡೆಯ ಬೆದರಿಕೆ ನಡೆಯದು.

ಎರಡು ಕೋ ಇರುವ ಸೆಕಿಯೂ ಹೀಗೇ ತಲೆ ಕೆಡಿಸುತ್ತದೆ. ಎರಡು ಗುಂಪುಗಳ ನಡುವೆ ಎರಡು ಕೋ. ಒಬ್ಬರು ಒಂದನ್ನು ಎತ್ತಿದರೆ ಇನ್ನೊಬ್ಬರು ಮತ್ತೊಂದನ್ನು ಎತ್ತುತ್ತಾರೆ. ಎಷ್ಟು ಸಲ ತಿರುಗಿದರೂ ಯಾರೂ ಸಾಯುವುದಿಲ್ಲ. ಅದು ಸೆಕಿಯೇ. ಆದರೆ ಅದು ಮುಗಿಯದ ಕೋ ಬೆದರಿಕೆಗಳ ಬಾವಿಯೂ ಹೌದು. ಬೇರೆ ಕಡೆ ಕೋ ಮೇಲೆ ನಿಂತಿರುವ ಸತ್ತ ಗುಂಪೊಂದು ಈ ಬಾವಿಯ ನೀರು ಕುಡಿದು ಬದುಕಿರಬಹುದು. ಪ್ರತಿ ಸಲ ಎದುರಾಳಿ ಕೋ ಎತ್ತಿದಾಗಲೂ ಇಲ್ಲೊಂದು ಬೆದರಿಕೆ, ಉತ್ತರ, ಮತ್ತೆ ಅಲ್ಲಿ ಕೋ. ಇದಕ್ಕೆ ಮೂನ್‌ಶೈನ್ ಲೈಫ್ ಅನ್ನುತ್ತಾರೆ. ನಾನು ಬೆಳದಿಂಗಳ ಬದುಕು ಅನ್ನುತ್ತೇನೆ, ಬೆಳಕು ತನ್ನದಲ್ಲ ನೋಡಿ. ಜಪಾನೀ ನಿಯಮ ಇದನ್ನೂ ಸತ್ತದ್ದು ಎನ್ನುತ್ತದೆ. ಒಮ್ಮೆ ಬಂದ ಬೋರ್ಡಿನ ಸ್ಥಿತಿ ಮತ್ತೆ ಬರಬಾರದು ಎನ್ನುವ ಸೂಪರ್‌ಕೋ ನಿಯಮ ಇರುವ ಕಡೆ ಈ ತಿರುಗಾಟ ತಾನಾಗೇ ನಿಲ್ಲುತ್ತದೆ.

ಇಂಥವು ಪುಸ್ತಕದಲ್ಲಿ ಮಾತ್ರ ಅಂದುಕೊಳ್ಳಬೇಡಿ. 1928ರಲ್ಲಿ ಜಪಾನಿನ ಆಟಗಾರರಾದ ಸೆಗೋಯೆ ಕೆನ್ಸಾಕು ಮತ್ತು ತಕಹಾಶಿ ಶಿಗೆಯುಕಿ ಆಡಿದ ಆಟದಲ್ಲಿ ಮನ್ನೆನ್ ಕೋ, ಅಂದರೆ ಹತ್ತು ಸಾವಿರ ವರ್ಷದ ಕೋ, ಒಂದರ ಮೇಲೆ ದೊಡ್ಡ ತಕರಾರಾಯಿತು. ಈ ಕೋ ಶುರು ಮಾಡಲು ಇಬ್ಬರೂ ಹಿಂಜರಿಯುತ್ತಾರೆ, ಒಬ್ಬರು ಕೋ ಮುಚ್ಚಿದರೆ ಅದು ಸೆಕಿಯಾಗಿ ಕೂರುತ್ತದೆ. ಆಗ ಜಪಾನಿನಲ್ಲಿ ಬರೆದಿಟ್ಟ ನಿಯಮವೇ ಇರಲಿಲ್ಲ, ರೂಢಿ ಮಾತ್ರ. ಬರಹದ ನಿ‌ಯಮ ಬಂದದ್ದು 1949ರಲ್ಲಿ. ಅದರಲ್ಲಿ 'ಹಿಡಿಯದೆ ಮೂರು ಅಂಕ' ಎಂಬ ಒಂದು ಮೂಲೆಯ ಆಕಾರಕ್ಕೆ ಆಡದೆಯೇ ಮೂರು ಅಂಕ ಎಂದು ಪ್ರತ್ಯೇಕ ತೀರ್ಪೇ ಇತ್ತು! 1989ರಲ್ಲಿ ತಿದ್ದಿ ಬರೆದಾಗ ಒಂದೊಂದು ಆಕಾರಕ್ಕೆ ಒಂದೊಂದು ತೀರ್ಪು ಎನ್ನುವುದನ್ನು ಬಿಟ್ಟು ಸಾಮಾನ್ಯ ತತ್ವಕ್ಕೆ ತಂದರು. 1993ರಲ್ಲಿ ಜಪಾನಿನ ಹೆಸರಾಂತ ಪಂದ್ಯಾವಳಿಯಾದ ಹೊನಿನ್‌ಬೊ ಲೀಗ್‌ನಲ್ಲಿ ರಿನ್ ಕೈಹೊ ಮತ್ತು ಕೊಮಾತ್ಸು ಹಿಡೆಕಿ ಆಟದಲ್ಲಿ ಚೋಸೆಯಿ ಬಂತು. ಅದು ಕೋ ಇಲ್ಲದೆಯೂ ಅದೇ ಸ್ಥಿತಿ ಮರಳಿ ಮರಳಿ ಬರುವ ಆಕಾರ, ಹೆಸರಿನ ಅರ್ಥ ದೀರ್ಘಾಯುಷ್ಯ. ಇಬ್ಬರೂ ಬಿಡದಿದ್ದರೆ ಜಪಾನೀ ನಿಯಮದಲ್ಲಿ ಅಂಥ ಆಟಕ್ಕೆ ಫಲಿತಾಂಶವೇ ಇಲ್ಲ.

ಈಗ ನಿಮ್ಮ ಅರ್ಧ ಅಂಕದ ಸಂಕಟ. ಜಪಾನೀ ನಿಯಮದಲ್ಲಿ ಎಣಿಸುವುದು ಸುತ್ತುವರಿದ ಖಾಲಿ ಜಾಗ ಮತ್ತು ಸೆರೆಸಿಕ್ಕ ಕಲ್ಲು. 1989ರ ನಿಯಮ ಹೇಳುವುದು ಹೀಗೆ: ಬದುಕಿರುವ ಗುಂಪಿಗೆ ಯಾರದೂ ಅಲ್ಲದ ಖಾಲಿ ಜಾಗ, ಅಂದರೆ ದಾಮೆ, ಅಂಟಿಕೊಂಡಿದ್ದರೆ ಅದು ಸೆಕಿಯಲ್ಲಿದೆ. ಸೆಕಿಯಲ್ಲಿರುವ ಗುಂಪಿನ ಕಣ್ಣು ನೆಲ ಅಲ್ಲ. ನಿಮ್ಮ ಎರಡು ಕಣ್ಣು ಹೋದದ್ದು ಇಲ್ಲಿ. ಚೀನೀ ನಿಯಮದಲ್ಲಿ ಬೋರ್ಡಿನ ಮೇಲೆ ಬದುಕಿರುವ ಕಲ್ಲೂ ಅಂಕ, ಅವು ಸುತ್ತುವರಿದ ಜಾಗವೂ ಅಂಕ, ಸೆಕಿಯಾದರೂ ಸರಿ. ಹಂಚಿಕೆಯ ಉಸಿರನ್ನು ಅರ್ಧರ್ಧ ಹಂಚಿಕೊಳ್ಳುತ್ತಾರೆ.

ಅಂಕಿಗಳನ್ನೇ ಇಟ್ಟು ನೋಡೋಣ. ಎರಡನೆಯವರಾಗಿ ಆಡುವ ಬಿಳಿಗೆ ಪರಿಹಾರವಾಗಿ ಕೊಡುವ ಅಂಕಕ್ಕೆ ಕೋಮಿ ಅನ್ನುತ್ತಾರೆ. ಜಪಾನೀ ಕೋಮಿ 6.5. ನೀವು ಅರ್ಧ ಅಂಕದಿಂದ ಸೋತಿರೆಂದರೆ ಬೋರ್ಡಿನಲ್ಲಿ 6 ಅಂಕ ಮುಂದಿದ್ದಿರಿ. ಚೀನೀ ಎಣಿಕೆಗೆ ಹೋದಾಗ ಸೆಕಿಯ ಎರಡು ಕಣ್ಣಿಂದ 2 ಸೇರಿತು. ಕೊನೆಯ ದಾಮೆಯನ್ನು ಮುಚ್ಚಿದವರು ನೀವೇ, ಅದರಿಂದ ಇನ್ನೊಂದು ಕಲ್ಲು. ಒಟ್ಟು 9. ಚೀನೀ ಕೋಮಿ 7.5 ಕಳೆದರೆ 1.5. ನಿಮ್ಮ ಎರಡನೇ ಆ್ಯಪ್ ತೋರಿಸಿದ್ದು ಇದೇ. ಕೊನೆಯ ದಾಮೆ ನೀವೇ ಮುಚ್ಚಿದ್ದು ನನಗೆ ಹೇಗೆ ಗೊತ್ತು ಅಂತೀರಾ? ಬೋರ್ಡಿನಲ್ಲಿ 361 ಜಾಗ, ಬೆಸ ಸಂಖ್ಯೆ. ಸೆಕಿಯ ಎರಡು ಹಂಚಿಕೆಯ ಉಸಿರು ತೆಗೆದರೆ 359, ಅದೂ ಬೆಸ. ಇಬ್ಬರ ಪಾಲಿನ ಅಂತರ ಬೆಸವೇ ಆಗಬೇಕು. 6ಕ್ಕೆ 2 ಸೇರಿ 8 ಆಗಿ ನಿಲ್ಲುವಂತಿಲ್ಲ, ಒಂದು ಕಲ್ಲು ಯಾರದೋ ಜಾಸ್ತಿ ಇರಲೇಬೇಕು. ಗೆದ್ದಿದ್ದೀರಿ ಅಂದಮೇಲೆ ಅದು ನಿಮ್ಮದೇ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಚೀನೀ ಎಣಿಕೆಯಲ್ಲಿ ಕಪ್ಪಿನ ಮುನ್ನಡೆ ಸಾಮಾನ್ಯವಾಗಿ 7 ಅಥವಾ 9, 8 ಬರುವುದೇ ಇಲ್ಲ. ಬರುವುದು ಯಾವಾಗ ಗೊತ್ತಾ? ಹಂಚಿಕೆಯ ಉಸಿರು ಬೆಸವಾಗಿರುವ ಸೆಕಿ ಇದ್ದಾಗ, ಉದಾಹರಣೆಗೆ ಎರಡು ಕಡೆಗೂ ಒಂದೊಂದು ಕಣ್ಣು, ನಡುವೆ ಒಂದು ಉಸಿರು. ಆಗ 8 ಬಂದು, 7.5 ಕೋಮಿ ದಾಟಿ, ಕಪ್ಪು ಅರ್ಧ ಅಂಕದಿಂದ ಗೆಲ್ಲಬಹುದು. ಮೂಲೆಯಲ್ಲಿ ಯಾರೂ ಮುಟ್ಟದೆ ಬಿಟ್ಟ ಒಂದು ಖಾಲಿ ಜಾಗ ಇಡೀ ಆಟ ತೀರ್ಮಾನ ಮಾಡಬಹುದು.

ಹಾಗಾದರೆ ಮೊನ್ನೆ ನಿಮಗೆ ಬೇರೆ ದಾರಿ ಇತ್ತಾ? ಮೊದಲನೆಯದು ಸುಮ್ಮನೆ ಬಿಡುವುದು. ನೀವು ಮಾಡಿದ್ದು ಅದೇ. ಅದರಲ್ಲಿ ಅಪಾಯವಿಲ್ಲ, ಹೊರಗೋಡೆ ಗಟ್ಟಿ ಇರುವ ತನಕ.

ಎರಡನೆಯದು ಸೆಕಿಯನ್ನು ಕೋ ಬೆದರಿಕೆಯಾಗಿ ಖರ್ಚು ಮಾಡುವುದು. ನೀವು ಅ ಇಟ್ಟರೆ ಆರು ಕಲ್ಲು ಎತ್ತುವ ಬೆದರಿಕೆ ನಿಜ. ಆದರೆ ಅವರು ಉತ್ತರಿಸಿದರೆ ನಿಮ್ಮ ಎರಡೂ ಗುಂಪು ಹೋಗುತ್ತದೆ. ಆ ನಷ್ಟಕ್ಕಿಂತ ದೊಡ್ಡ ಕೋ ಇದ್ದರೆ ಮಾತ್ರ ಕೈ ಹಾಕಿ. ಅವರ ಕಡೆಯಿಂದ ಅದೇ ಬೆದರಿಕೆ ಸ್ವಲ್ಪ ಅಗ್ಗ, ಏಳು ಕಲ್ಲಿನದು. ಹಾಗಾಗಿ ದೊಡ್ಡ ಕೋ ನಡೆಯುವಾಗ ಬೋರ್ಡಿನಲ್ಲಿ ಸೆಕಿ ಇದೆಯಾ, ಇದ್ದರೆ ಯಾರಿಗೆ ಅಗ್ಗ ಅಂತ ಮೊದಲು ನೋಡಿಕೊಳ್ಳಿ. ಇದನ್ನು ಮರೆತು ಸೋತವರನ್ನು ನಾನು ತುಂಬಾ ನೋಡಿದ್ದೇನೆ.

ಮೂರನೆಯದು ಹೊರಗೋಡೆ. ನನ್ನ ಪ್ರಕಾರ ನಿಮಗೆ ನಿಜವಾದ ಅವಕಾಶ ಇದ್ದದ್ದು ಇಲ್ಲಿ. ಚಿತ್ರದಲ್ಲಿ ನಿಮ್ಮ ಎಡ ಗುಂಪನ್ನು ಸುತ್ತಿರುವ ಬಿಳಿ ಗೋಡೆ ಇದೆಯಲ್ಲ, ಅದನ್ನು ಸಾಯಿಸಿದರೆ ಎಡ ಗುಂಪಿಗೆ ಬೇಕಾದಷ್ಟು ಉಸಿರು. ಆಗ ಧೈರ್ಯವಾಗಿ ಅ ಮುಚ್ಚಿ, ನಡುವಿನ ಆರು ಬಿಳಿ ಕಲ್ಲು ನಿಮ್ಮದು. ಗೋಡೆಯ ಮೇಲೆ ಒಂದು ದಾಳಿ ಮಾಡಿದರೆ ಎರಡು ಬೇಟೆ. ಇದರ ತಿರುಗುಮುರುಗೂ ಅಷ್ಟೇ ನಿಜ. ಬಿಳಿಯ ತಲೆಯ ಮೇಲೆ ಕೂತಿರುವ ನಿಮ್ಮ ನಾಲ್ಕು ಕಲ್ಲಿನ ಗೋಡೆ ಸತ್ತರೆ ಬಿಳಿ ಹೊರಗೆ ಹೋಗುತ್ತದೆ, ನಿಮ್ಮ ಎರಡು ಗುಂಪೂ ಒಂದೊಂದು ಕಣ್ಣಿಟ್ಟುಕೊಂಡು ಸಾಯುತ್ತವೆ.

ನನಗೂ ಒಮ್ಮೆ ಹೀಗಾಗಿದೆ. ಆಟದ ಶುರುವಿನಲ್ಲೇ ಒಂದು ಮೂಲೆ ಸೆಕಿಯಾಯಿತು. 'ಅದು ಮುಗಿದ ಕಥೆ' ಎಂದು ತಲೆಯಿಂದ ತೆಗೆದುಹಾಕಿದೆ. ನೂರು ನಡೆಯ ನಂತರ ಮಧ್ಯದ ಜಗಳದಲ್ಲಿ ಅದರ ಹೊರಗೋಡೆಯ ಒಂದು ತುಂಡು ಬಿಟ್ಟುಕೊಟ್ಟೆ, ಐದಾರು ಕಲ್ಲಷ್ಟೇ ಎಂದುಕೊಂಡು. ಎದುರಾಳಿ ನನ್ನ ಮುಖ ನೋಡಿ ನಕ್ಕು ಮೂಲೆಗೆ ಕೈ ಚಾಚಿದಾಗಲೇ ನನಗೆ ಹೊಳೆದದ್ದು. ಈಗ ನನ್ನ ವಿದ್ಯಾರ್ಥಿಗಳಿಗೆ ಸೆಕಿ ಆದ ತಕ್ಷಣ ಅದರ ಗೋಡೆಗಳ ಉಸಿರು ಎಣಿಸಲು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ, ಎಣಿಸುತ್ತಾರೆ.

ನಾಲ್ಕನೆಯದು ಆಟಕ್ಕಿಂತ ಮುಂಚಿನದು: ಯಾವ ನಿಯಮ ಎಂದು ನೋಡಿಕೊಳ್ಳುವುದು. ಜಪಾನೀ ನಿಯಮ ಎಂದು ಗೊತ್ತಿದ್ದರೆ, ಸೆಕಿ ಆಗುವ ಹಾದಿಯಲ್ಲೇ 'ಇಲ್ಲಿ ನನ್ನ ಎರಡು ಅಂಕ ಸಿಗದು' ಎಂದು ಎಣಿಸಿ ಬೇರೆ ಕಡೆ ಒಂದು ಅಂಕ ಹುಡುಕಬಹುದಿತ್ತು. ಅರ್ಧ ಅಂಕದ ಆಟದಲ್ಲಿ ಒಂದು ಅಂಕ ಎಲ್ಲಾದರೂ ಇದ್ದೇ ಇರುತ್ತದೆ. ಜಪಾನೀ ನಿಯಮದಲ್ಲಿ ದಾಮೆಗಳನ್ನು ಕೊನೆಯವರೆಗೂ ಮುಚ್ಚುವುದನ್ನೂ ರೂಢಿ ಮಾಡಿಕೊಳ್ಳಿ. ಮುಚ್ಚದೆ ಬಿಟ್ಟರೆ ನಿಯಮದ ಅಕ್ಷರದ ಪ್ರಕಾರ ನಿಮ್ಮ ದೊಡ್ಡ ಗುಂಪೇ ಸೆಕಿಯಲ್ಲಿದ್ದಂತೆ, ಅದರ ನೆಲ ನೆಲವೇ ಅಲ್ಲ ಎನ್ನಬಹುದು.

ಇನ್ನು ಆ್ಯಪಿನ ಎಣಿಕೆಯ ಪರದೆ. ಸತ್ತ ಕಲ್ಲು ಗುರುತು ಮಾಡಿ ಅಂತ ಕೇಳಿದಾಗ ಸೆಕಿಯ ಮೂರೂ ಗುಂಪುಗಳನ್ನು ಬದುಕಿವೆ ಎಂದೇ ಬಿಡಿ. ಎದುರಾಳಿ ನಿಮ್ಮ ಒಂದು ಗುಂಪನ್ನು ಸತ್ತದ್ದು ಎಂದು ಗುರುತಿಸಿದರೆ ಒಪ್ಪಬೇಡಿ, ಆಟ ಮುಂದುವರಿಸಲು ಕೇಳಿ. ಜಪಾನೀ ನಿಯಮದಲ್ಲಿ ಮುಂದುವರಿಸಲು ಕೇಳಿದವರು ಮೊದಲ ನಡೆಯನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಬೇರೆ ಕಡೆ ಆಗಿದ್ದರೆ ಅದು ನಷ್ಟ. ಸೆಕಿಯ ಮುಂದೆ ಮಾತ್ರ ಅದು ನಿಮಗೆ ಬೇಕಾದದ್ದೇ. ಸತ್ತಿದೆ ಎನ್ನುವವರು ಅ ಇಡಲಿ, ನೀವು ಇ ಇಟ್ಟು ಏಳು ಕಲ್ಲು ಎತ್ತಿ.